ಚಳಿಗಾಲದ ಮುಂಜಾವಿನ ಬೆಟ್ಟದೋಟ: ಇಬ್ಬರಾಗಿ ಹೊರಡುವುದು ಹೇಗೆ?

ಡಿಸೆಂಬರ್, ಜನವರಿಯಲ್ಲಿ ಬಯಲುಸೀಮೆಯ ಕಾಲುದಾರಿಗಳು ಓಡಲು ಹೇಳಿ ಮಾಡಿಸಿದಂತಿರುತ್ತವೆ. ಇಬ್ಬನಿಗೆ ಧೂಳು ಅಡಗಿರುತ್ತದೆ, ರಾಗಿ ಕಟಾವಾಗಿ ಹೊಲ ಬಯಲಾಗಿರುತ್ತದೆ, ಒಂದು ಗಂಟೆ ಓಡಿದರೂ ಬಿಸಿಲು ನೆತ್ತಿಗೇರುವುದಿಲ್ಲ. ಬೆಂಗಳೂರಿನಲ್ಲಿ ಈ ತಿಂಗಳುಗಳ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ. 1,478 ಮೀಟರ್ ಎತ್ತರದ ನಂದಿಬೆಟ್ಟದ ಸುತ್ತಮುತ್ತ ಅದು 10ರ ಆಸುಪಾಸಿಗೂ ಇಳಿಯುತ್ತದೆ.

ಈ ಚಳಿ ಓಡುತ್ತಿರುವವರನ್ನು ಹೆಚ್ಚು ಕಾಡುವುದಿಲ್ಲ. ಬೆವರಿ ನಿಂತವರನ್ನು ಕಾಡುತ್ತದೆ. ಇಬ್ಬರು ಓಡುವಾಗ ನಿಲ್ಲುವ ಸಂದರ್ಭಗಳೂ ಹೆಚ್ಚು. ಹಿಂದುಳಿದವರಿಗೆ ಕಾಯಬೇಕು, ಕವಲಿನಲ್ಲಿ ದಾರಿ ನೋಡಬೇಕು, ಒಬ್ಬರು ಲೇಸ್ ಕಟ್ಟುವಾಗ ಇನ್ನೊಬ್ಬರು ನಿಲ್ಲಬೇಕು. ಕೆಳಗೆ ಹೇಳಿರುವ ತಯಾರಿಯ ಬಹುಪಾಲು, ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ, ಸುಮ್ಮನೆ ನಿಲ್ಲದೆ ಮರಳಿ ಬರುವುದಕ್ಕಾಗಿ.

ದಾರಿ ಹಿಂದಿನ ದಿನವೇ ಗೊತ್ತಾಗಲಿ

ಮೊದಲ ಸಲ ಹೋಗುವ ದಾರಿಯನ್ನು ಒಮ್ಮೆ ಹಗಲಲ್ಲಿ ನಡೆದು ನೋಡಿ. ಬಂಡಿಜಾಡು, ಕೆರೆ ಏರಿ, ತೋಪಿನ ಅಂಚು, ಬೆಟ್ಟದ ಬುಡದ ಕಾಲುದಾರಿ ಸೇರಿ ಒಟ್ಟು 7–8 ಕಿ.ಮೀ. ಇದ್ದರೆ ಸಾಕು. ರಸ್ತೆಯಲ್ಲಿ ಕಿಲೋಮೀಟರಿಗೆ 6 ನಿಮಿಷದಲ್ಲಿ ಓಡುವವರಿಗೆ ಕಲ್ಲುದಾರಿಯಲ್ಲಿ 8–9 ನಿಮಿಷ ಹಿಡಿಯುತ್ತದೆ. ಹಾಗಾಗಿ ದೂರಕ್ಕಿಂತ ಸಮಯದ ಲೆಕ್ಕ ಇಟ್ಟುಕೊಳ್ಳುವುದು ಮೇಲು: 35 ನಿಮಿಷ ಹೋಗುವುದು, ಎಲ್ಲಿದ್ದರೂ ಅಲ್ಲಿಂದ ತಿರುಗುವುದು.

ಹಳ್ಳ, ಕೆರೆಯಂಗಳದಂಥ ತಗ್ಗಿನ ಜಾಗಗಳನ್ನು ನೆನಪಿಟ್ಟುಕೊಳ್ಳಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲದ ಬಿಸಿ ಆರಿ, ತಣ್ಣಗಾದ ಭಾರದ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ದಿಣ್ಣೆ ಇಳಿದ ಕೂಡಲೇ ಮೊಣಕಾಲಿಗೆ ಚಳಿ ಹೊಡೆಯುವುದು ಅದಕ್ಕೇ. ಮಂಜು ಕವಿಯುವುದೂ ಅಲ್ಲೇ ಹೆಚ್ಚು. ಕಾಯಲು, ತಿನ್ನಲು, ಜಾಕೆಟ್ ತೆಗೆಯಲು ತಗ್ಗಿನಲ್ಲೂ ಬೇಡ, ಗಾಳಿ ಬೀಸುವ ನೆತ್ತಿಯಲ್ಲೂ ಬೇಡ. ನಡುವಿನ ಇಳಿಜಾರಿನಲ್ಲಿ ಬಂಡೆಯ ಮರೆ ನೋಡಿಕೊಳ್ಳಿ.

ಕಾಡಿನ ದಾರಿಗೆ ಅನುಮತಿ ಬೇಕು. ಸ್ಕಂದಗಿರಿಯಂಥ ಹೆಸರಾದ ಚಾರಣದ ದಾರಿಗಳಿಗೆ ಆನ್‌ಲೈನ್‌ನಲ್ಲೇ ಮುಂಗಡ ಬುಕಿಂಗ್ ಮಾಡಬೇಕು. ಬನ್ನೇರುಘಟ್ಟದ ಅಂಚು, ಸಕಲೇಶಪುರ, ಕೊಡಗಿನ ಕಡೆ ಆನೆ ಓಡಾಡುವ ಜಾಗಗಳಲ್ಲಿ ಸೂರ್ಯ ಹುಟ್ಟುವ ಮುನ್ನ ಓಡುವ ಯೋಚನೆಯನ್ನೇ ಬಿಡಿ. ಮಂಜಿನಲ್ಲಿ ಆನೆ ಹತ್ತಡಿ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಯಾವಾಗ ಹೊರಡಬೇಕು?

ಜನವರಿ ನಡುವಿನಲ್ಲಿ ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಅದಕ್ಕೆ 20–25 ನಿಮಿಷ ಮೊದಲೇ ನೆಲ ಕಾಣುವಷ್ಟು ಬೆಳಕು ಬರುತ್ತದೆ. 6 ಗಂಟೆಗೆ ಊರ ರಸ್ತೆಯಲ್ಲಿ ಶುರು ಮಾಡಿ 6.20ರ ಹೊತ್ತಿಗೆ ಕಾಲುದಾರಿಗೆ ಇಳಿಯುವುದು ಸರಿಯಾದ ಲೆಕ್ಕ. ದಿನದ ಅತಿ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಹೊರಟಾಗ ಇದ್ದದ್ದಕ್ಕಿಂತ ಅರ್ಧ ಗಂಟೆಯ ನಂತರ ಚಳಿ ಹೆಚ್ಚಾದರೆ ಗಾಬರಿ ಬೇಡ.

ಸೇರುವ ಜಾಗ ರಸ್ತೆಬದಿ ಆಗದಿರಲಿ. ಒಬ್ಬರು 10 ನಿಮಿಷ ತಡವಾದರೆ ಇನ್ನೊಬ್ಬರ ಮೈ ಅಲ್ಲೇ ಮರಗಟ್ಟಿರುತ್ತದೆ. ಒಬ್ಬರ ಮನೆಯಲ್ಲಿ ಅಥವಾ ಗಾಡಿಯೊಳಗೆ ಸೇರಿ. ಬೈಕಿನಲ್ಲಿ ಬರುವುದಾದರೆ ಓಡುವ ಬಟ್ಟೆಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡು ಬನ್ನಿ, ಅಲ್ಲೇ ಬಿಟ್ಟು ಓಡಿ.

ಬಟ್ಟೆ: ಮೊದಲ ಹತ್ತು ನಿಮಿಷ ಚಳಿ ಅನಿಸಲಿ

ಹೊಸಬರು ತಪ್ಪುವುದು ಇಲ್ಲೇ. ಹೊಸ್ತಿಲು ದಾಟುವಾಗ ಬೆಚ್ಚಗಿರುವಂತೆ ಬಟ್ಟೆ ತೊಟ್ಟರೆ ಎರಡನೇ ಕಿಲೋಮೀಟರಿಗೆ ಬೆವರು ಹರಿಯುತ್ತದೆ, ಇಳಿಜಾರಿನಲ್ಲಿ ಆ ಬೆವರೇ ತಣ್ಣೀರಾಗುತ್ತದೆ. ಹೊರಗೆ 12 ಡಿಗ್ರಿ ಇದ್ದರೆ 20 ಡಿಗ್ರಿಗೆ ತೊಡುವಷ್ಟೇ ತೊಡಿ.

ಒಳಗೆ ಹತ್ತಿ ಬನಿಯನ್ ಬೇಡವೇ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದುಕೊಂಡು ಬೆನ್ನಿಗೆ ಅಂಟುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್, ಅದರ ಮೇಲೆ ಮುಷ್ಟಿಯೊಳಗೆ ಮಡಚಿಡಬಹುದಾದ ತೆಳು ವಿಂಡ್‌ಚೀಟರ್, ಕಿವಿ ಮುಚ್ಚುವ ಕೊರಳ ಪಟ್ಟಿ, ತೆಳು ಕೈಗವಸು ಸಾಕು. ಏರು ಶುರುವಾಗುವ ಮೊದಲೇ ಜಿಪ್ ಇಳಿಸಿ. ಬೆವರಿಳಿದ ಮೇಲೆ ಇಳಿಸಿ ಪ್ರಯೋಜನವಿಲ್ಲ. ನೆತ್ತಿ ತಲುಪುವ ಒಂದು ನಿಮಿಷ ಮೊದಲೇ ಮತ್ತೆ ಏರಿಸಿಕೊಳ್ಳಿ. ಮಲೆನಾಡಿನ ಕಡೆಯಾದರೆ ಉದ್ದ ಪ್ಯಾಂಟು, ಉದ್ದ ಸಾಕ್ಸ್ ಕಡ್ಡಾಯ. ಕಾರಣ ಮುಂದೆ ಬರುತ್ತದೆ.

ಶೂ, ಲೇಸ್, ಬಂಡೆ

ಅಡಿಯಲ್ಲಿ 4–5 ಮಿ.ಮೀ. ಆಳದ ಗಟ್ಟಿ ಹಲ್ಲುಗಳಿರುವ ಟ್ರೇಲ್ ಶೂ ಒಳ್ಳೆಯದು. ರಸ್ತೆ ಓಟದ ಮೆತ್ತನೆ ಶೂಗಳ ಅಡಿಯನ್ನು ಜಾಲಿಮುಳ್ಳು ಸಲೀಸಾಗಿ ತೂರಿ ಬರುತ್ತದೆ. ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಜಾರುವುದರಿಂದ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಉಗುರು ಹಿಂದಿನ ದಿನವೇ ಕತ್ತರಿಸಿಕೊಂಡಿರಿ.

ಲೇಸ್ ಕಟ್ಟುವುದಕ್ಕೂ ಕ್ರಮವಿದೆ. ಶೂವಿನ ತೀರಾ ಮೇಲೆ, ಕಣಕಾಲಿನ ಹತ್ತಿರ ಒಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಅಡ್ಡ ದಾಟಿಸದೆ, ಅದೇ ಬದಿಯ ಕೆಳಗಿನ ತೂತಿನಿಂದ ನೇರ ಮೇಲಿನ ತೂತಿಗೆ ಹಾಯಿಸಿ. ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಕುಣಿಕೆಯಾಗುತ್ತದೆ. ಎಡದ ಲೇಸನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲಾಡುವುದಿಲ್ಲ, ಬೆರಳು ಮುಂದಕ್ಕೆ ಗುದ್ದುವುದಿಲ್ಲ. ಉಳಿದ ತುದಿಯನ್ನು ಲೇಸಿನೊಳಕ್ಕೇ ಸಿಕ್ಕಿಸಿ, ಲಾಂಟಾನದ ಕಡ್ಡಿಗೆ ಸಿಕ್ಕಿದರೆ ಮುಗ್ಗರಿಸುವುದು ಖಂಡಿತ. ಇದನ್ನು ಮನೆಯಲ್ಲೇ ಮಾಡಿ. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಈ ಕೆಲಸ ಆಗುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆಯ ಹಾಸುಬಂಡೆ ಒಣಗಿದ್ದಾಗ ಕಾಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಬ್ಬನಿ ಬಿದ್ದಾಗ ಕತೆ ಬೇರೆ. ಬಂಡೆಯ ಮೇಲಿಂದ ಕೆಳಕ್ಕೆ ಇಳಿದಿರುವ ಕಪ್ಪು ಪಟ್ಟೆಗಳನ್ನು ನೋಡಿ. ಮಳೆಗಾಲದಲ್ಲಿ ನೀರು ಹರಿದು ಪಾಚಿ ಒಣಗಿದ ಜಾಡು ಅದು. ಇಬ್ಬನಿ ತಾಕಿದರೆ ಸಾಬೂನಿನಂತೆ ಜಾರುತ್ತದೆ. ಕಾಲಿಡುವುದಾದರೆ ಬೂದು ಬಣ್ಣದ, ಒರಟು ಮೈಯ ಭಾಗದ ಮೇಲಿಡಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಊರ ರಸ್ತೆಯಲ್ಲೂ ಒಂದು ಎಚ್ಚರ: ಒಕ್ಕಣೆಗೆಂದು ಹರಡಿದ ರಾಗಿ ಪೈರು ಇಬ್ಬನಿಗೆ ನೆನೆದಿದ್ದರೆ ಕಾಲು ಸರ್ರನೆ ಜಾರುತ್ತದೆ. ಅದು ರೈತರ ವರ್ಷದ ಫಸಲು, ತುಳಿಯದೆ ಬದಿಯಲ್ಲಿ ನಡೆದು ದಾಟಿ.

ಬೆಳಕು

ಇಬ್ಬರಿಗೂ ಒಂದೊಂದು ಹೆಡ್‌ಲ್ಯಾಂಪ್ ಇರಲೇಬೇಕು. ಒಬ್ಬರ ಬೆಳಕಿನಲ್ಲಿ ಇನ್ನೊಬ್ಬರು ಓಡಿದರೆ ಮುಂದಿನವರ ನೆರಳು ಹಿಂದಿನವರ ಹೆಜ್ಜೆಯ ಮೇಲೇ ಬೀಳುತ್ತದೆ. 200–300 ಲೂಮೆನ್ ಸಾಕು. ಮಂಜಿನಲ್ಲಿ ಹಣೆಯ ದೀಪ ಎದುರಿಗೆ ಬಿಳಿ ಗೋಡೆ ಎಬ್ಬಿಸುತ್ತದೆ, ಯಾಕೆಂದರೆ ಕಣ್ಣಿನ ಮಟ್ಟದಲ್ಲೇ ಹೊರಟ ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ಮರಳುತ್ತದೆ. ಆಗ ದೀಪ ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಕಲ್ಲುಗಳ ನೆರಳು ಉದ್ದವಾಗಿ ಬಿದ್ದು ಏರುತಗ್ಗು ಚೆನ್ನಾಗಿ ಕಾಣುತ್ತದೆ. ಮಾತಾಡಿಸಲು ತಿರುಗುವಾಗ ದೀಪಕ್ಕೆ ಕೈ ಅಡ್ಡ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕಣ್ಣಿಗೆ ಹೊಡೆದ ಬೆಳಕಿನಿಂದ ಸ್ನೇಹಿತರಿಗೆ ಒಂದೆರಡು ನಿಮಿಷ ನೆಲ ಕಾಣುವುದಿಲ್ಲ.

ಹೊಟ್ಟೆಗೆ, ಮೈಗೆ

ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರು. ಓಡುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ, ಬೇಕಿದ್ದರೆ ಕಾಫಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮೂತ್ರವೂ ಹೆಚ್ಚು ಹೋಗುತ್ತದೆ. ಆದ್ದರಿಂದ ತಲಾ 500 ಮಿ.ಲೀ. ನೀರು ಹೊತ್ತು, 20 ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ. ಓಟ ಒಂದೂಕಾಲು ಗಂಟೆ ಮೀರುವುದಾದರೆ ಮಾತ್ರ ಕಡಲೆಬೀಜದ ಚಿಕ್ಕಿ ಜೇಬಿನಲ್ಲಿರಲಿ.

ಮೈ ಬಿಸಿ ಮಾಡಿಕೊಳ್ಳುವುದು ಮನೆಯೊಳಗೇ ಆಗಲಿ. 10 ಬಸ್ಕಿ, ಪ್ರತಿ ಕಾಲನ್ನೂ ಹಿಂದೆ ಮುಂದೆ 15 ಸಲ ಬೀಸುವುದು, ಮೆಟ್ಟಿಲ ಅಂಚಿನಲ್ಲಿ ನಿಂತು 15 ಸಲ ಹಿಮ್ಮಡಿ ಎತ್ತಿಳಿಸುವುದು, ಎರಡು ನಿಮಿಷ ನಿಂತಲ್ಲೇ ಜಾಗಿಂಗ್. ತಣ್ಣಗಿರುವ ಮೀನಖಂಡವನ್ನು ಹಿಡಿದೆಳೆದು ನಿಲ್ಲುವ ವ್ಯಾಯಾಮ ಈಗ ಬೇಡ. ಹೊರಟ ಮೇಲೂ ಮೊದಲ ಐದು ನಿಮಿಷ ಬಿರುನಡಿಗೆ. ಉಬ್ಬಸ ಇರುವವರು ಕೊರಳ ಪಟ್ಟಿಯನ್ನು ಮೂಗಿನ ಮೇಲೆ ಎಳೆದುಕೊಂಡು ಉಸಿರಾಡಬೇಕು, ಇನ್ಹೇಲರ್ ಜೇಬಿನಲ್ಲಿರಬೇಕು, ಅದು ಎಲ್ಲಿದೆ ಎಂದು ಜೊತೆಗಾರರಿಗೂ ತಿಳಿದಿರಬೇಕು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡುವುದು ಬೇಡ.

ದಾರಿಯಲ್ಲಿ ಇಬ್ಬರ ಹೊಂದಾಣಿಕೆ

ನಿಧಾನಿ ಮುಂದೆ, ವೇಗಿ ಹಿಂದೆ. ಇದೊಂದು ಕ್ರಮ ಪಾಲಿಸಿದರೆ ಕಾಯುವ ಪ್ರಶ್ನೆಯೇ ಏಳುವುದಿಲ್ಲ. ವೇಗಿ ಮುಂದಿದ್ದರೆ ಪ್ರತಿ ಏರಿನ ಮೇಲೂ ನಿಂತು ಕಾಯಬೇಕು, ಅವರ ಬೆವರು ಆರುವಷ್ಟರಲ್ಲಿ ಏದುಸಿರು ಬಿಡುತ್ತ ತಲುಪಿದ ನಿಧಾನಿಗೆ ವಿಶ್ರಾಂತಿಯಿಲ್ಲದೆ ಮತ್ತೆ ಹೊರಡಬೇಕು. ಇಬ್ಬರಿಗೂ ನಷ್ಟ. ಒಂದು ಪೂರ್ತಿ ವಾಕ್ಯವನ್ನು ಉಸಿರು ಕಟ್ಟದೆ ಆಡಲು ಆಗುತ್ತಿದ್ದರೆ ವೇಗ ಸರಿಯಿದೆ. ಕಡಿದಾದ ಏರನ್ನು ತೊಡೆಯ ಮೇಲೆ ಕೈಯೂರಿ ನಡೆದೇ ಹತ್ತಿ.

ಸಮತಟ್ಟಿನಲ್ಲಿ 3 ಮೀಟರ್, ಇಳಿಜಾರಿನಲ್ಲಿ 5 ಮೀಟರ್ ಅಂತರವಿರಲಿ. ಹತ್ತಿರವಾದರೆ ಹಿಂದಿನವರಿಗೆ ಕಲ್ಲು ಕಾಣುವುದೇ ಕಾಲು ಬಿದ್ದ ಮೇಲೆ. ಮುಂದಿನವರು ಒಂದೇ ಪದದಲ್ಲಿ ಕೂಗಿ ಹೇಳಬೇಕು: ‘ಬೇರು’, ‘ಕಲ್ಲು’, ‘ತಂತಿ’, ‘ಪೈಪು’. ಹೊಲದಂಚಿನ ಹನಿ ನೀರಾವರಿಯ ಕಪ್ಪು ಪೈಪು ನಸುಕಿನಲ್ಲಿ ಕಾಣುವುದೇ ಇಲ್ಲ. ಹಂದಿ ಕಾಟಕ್ಕೆ ಬೇಲಿಗೆ ಕರೆಂಟು ಹಾಯಿಸಿರುವ ಹೊಲಗಳೂ ಇರುತ್ತವೆ, ತಂತಿ ಬೇಲಿಯನ್ನು ಯಾವ ಕಾರಣಕ್ಕೂ ದಾಟಬೇಡಿ.

ಈ ಕೂಗಾಟದಿಂದ ಇನ್ನೊಂದು ಲಾಭವಿದೆ. ರಾಮನಗರ, ತುಮಕೂರು ಕಡೆಯ ಕುರುಚಲು ಬೆಟ್ಟಗಳಲ್ಲಿ ಕರಡಿ, ಚಿರತೆಗಳಿವೆ. ಕರಡಿ ಮೈಮೇಲೆ ಬೀಳುವುದು ಹೆಚ್ಚಾಗಿ ಬೆಚ್ಚಿಬಿದ್ದಾಗ. ಮನುಷ್ಯರ ಸದ್ದು ದೂರದಿಂದಲೇ ಕೇಳಿದರೆ ಅದೇ ದಾರಿ ಬಿಡುತ್ತದೆ. ಇಯರ್‌ಫೋನ್ ಗಾಡಿಯಲ್ಲೇ ಇರಲಿ. ಚಿರತೆ ಎದುರಾದರೆ ಓಡಬೇಡಿ, ಬಗ್ಗಬೇಡಿ. ಇಬ್ಬರೂ ಅಕ್ಕಪಕ್ಕ ನಿಂತು, ಜೋರಾಗಿ ಮಾತಾಡುತ್ತ, ಮುಖ ಅತ್ತಲೇ ಇಟ್ಟುಕೊಂಡು ಹಿಂದೆ ಸರಿಯಿರಿ. ತೋಟದ ಮನೆಯ ನಾಯಿಗಳಿಗೂ ಓಟ ನಿಲ್ಲಿಸಿ ನಡೆಯುವುದೇ ಮದ್ದು.

ಕಾಲು ಉಳುಕಿದರೆ

ಇಂಥ ಓಟದಲ್ಲಿ ಹೆಚ್ಚು ಆಗುವ ಅವಘಡ ಇದು. ಮೊದಲು ಪೆಟ್ಟಾದವರಿಗೆ ಇಬ್ಬರ ವಿಂಡ್‌ಚೀಟರನ್ನೂ ಹಾಕಿ, ಆಮೇಲೆ ಕಾಲು ನೋಡಿ. ಒದ್ದೆ ನೆಲದ ಮೇಲೆ ಕೂರಿಸಬೇಡಿ, ಅಡಿಗೆ ಚೀಲ ಹಾಸಿ. ಶೂ ಬಿಚ್ಚಬೇಡಿ, ಊದಿದ ಪಾದ ಮತ್ತೆ ಒಳಗೆ ಹೋಗುವುದಿಲ್ಲ. ಲೇಸ್ ಸಡಿಲಿಸಿ ಮೇಲಿಂದಲೇ ಕ್ರೇಪ್ ಬ್ಯಾಂಡೇಜ್ ಸುತ್ತಿ. ನಾಲ್ಕು ಹೆಜ್ಜೆ ಊರಲೂ ಆಗದಿದ್ದರೆ ಮೂಳೆ ಮುರಿದಿರಬಹುದು, ನಡೆಸದೆ ಸಹಾಯಕ್ಕೆ ಕರೆ ಮಾಡಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಅಲುಗಾಡಿಸದೆ ಆದಷ್ಟು ಬೇಗ ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೆ ಸೇರಿಸಬೇಕು. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112.

ಇದಕ್ಕಾಗಿ ಹೊರಡುವ ಮೊದಲೇ ಇಬ್ಬರ ಫೋನೂ ಪೂರ್ತಿ ಚಾರ್ಜ್ ಆಗಿರಬೇಕು, ಮನೆಯಲ್ಲೊಬ್ಬರಿಗೆ ಲೈವ್ ಲೊಕೇಶನ್ ಹೋಗಿರಬೇಕು. ಬೆಳ್ಳಿ ಹಾಳೆಯಂತಿರುವ ತುರ್ತು ಹೊದಿಕೆ ಮಡಚಿದರೆ ಅಂಗೈಯಗಲ, ಒಂದಾದರೂ ಜೊತೆಗಿರಲಿ. ಸಿಗ್ನಲ್ ಹುಡುಕಿ ಒಬ್ಬರು ಹೋಗಲೇಬೇಕಾದರೆ ಹೊದಿಕೆ, ನೀರು, ದೀಪ ಇಲ್ಲೇ ಬಿಟ್ಟು, ಜಾಗವನ್ನು ಫೋನಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಸ್ನೇಹಿತರಿಗೆ ತಮ್ಮ ಜಿಪ್ ತಾವೇ ಎಳೆದುಕೊಳ್ಳಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅನಿಸಿದರೆ ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ. ಒದ್ದೆ ಟೀ ಶರ್ಟ್ ತೆಗೆಸಿ, ಒಣಗಿದ್ದನ್ನು ತೊಡಿಸಿ, ತಬ್ಬಿ ಕೂತು ಬೆಚ್ಚಗಿಡಿ.

ಮುಗಿದ ಮೇಲೆ

ಓಟ ನಿಂತ ಹತ್ತು ನಿಮಿಷದೊಳಗೆ ಬಟ್ಟೆ ಬದಲಾಗಬೇಕು. ಒಣ ಟೀ ಶರ್ಟ್, ಸ್ವೆಟರ್, ಸಾಕ್ಸ್ ಎಲ್ಲವನ್ನೂ ತೊಡುವ ಕ್ರಮದಲ್ಲೇ ಗಾಡಿಯಲ್ಲಿಟ್ಟಿರಿ. ಹರಟೆ, ಫೋಟೊ ಅದಾದ ಮೇಲೆ. ಫ್ಲಾಸ್ಕಿನಲ್ಲಿ ಬಿಸಿ ರಾಗಿ ಅಂಬಲಿ ಒಯ್ದಿದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಮೀನಖಂಡ, ತೊಡೆ ಎಳೆಯುವ ವ್ಯಾಯಾಮ ಮನೆ ಸೇರಿ ಮಾಡಿ.

ಸಾಗರ, ಸೊರಬ, ತೀರ್ಥಹಳ್ಳಿಯ ಕಡೆ ಓಡಿದವರಿಗೆ ಇನ್ನೊಂದು ಕೆಲಸ ಬಾಕಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಕಾಲ ಸರಿಯಾಗಿ ಈ ಚಳಿಗಾಲದಿಂದ ಬೇಸಿಗೆಯವರೆಗೆ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಲೇಬಾರದು. ಉಳಿದೆಡೆ ಹೊರಡುವ ಮೊದಲು ಕೈಕಾಲಿಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಳ್ಳಿ. ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನಿನಿಂದ ಸ್ನಾನ ಮಾಡಿ, ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ನೋಟಕ್ಕೆ ಸಿಗದಿದ್ದರೂ ಬೆರಳಿಗೆ ಸಿಗುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಮುಂದಿನ ಹತ್ತು ದಿನಗಳಲ್ಲಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಇಬ್ಬನಿಗೆ ನೆನೆದ ಶೂವನ್ನು ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ. ಒಳಹಾಸು ಹೊರತೆಗೆದು, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುದಿಯವರೆಗೆ ತುರುಕಿ ನೆರಳಲ್ಲಿಡಿ. ಎರಡು ಗಂಟೆಯ ನಂತರ ಒಮ್ಮೆ ಕಾಗದ ಬದಲಿಸಿದರೆ ಮರುದಿನ ಬೆಳಗ್ಗೆಗೆ ಶೂ ಒಣಗಿರುತ್ತದೆ.