ಮನೆಯಲ್ಲೇ ಕಟ್ಟಿದ ಚಾರ್ಜರ್, ಬಿಸಿಯಾದ ಕನೆಕ್ಟರ್

ನಾನೇ ಜೋಡಿಸಿದ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲಿ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಸರಣಿಯಲ್ಲಿವೆ. ಅದರ ಸಾಮರ್ಥ್ಯ 30 ಆಂಪಿಯರ್-ಅವರ್. ಸಿದ್ಧ ಚಾರ್ಜರ್ ಕೊಳ್ಳುವ ಬದಲು, ವೋಲ್ಟೇಜ್ ಮತ್ತು ಕರೆಂಟ್ ಎರಡಕ್ಕೂ ಮಿತಿ ಹಾಕಬಹುದಾದ ಪವರ್ ಸಪ್ಲೈ ಒಂದನ್ನು ಬಳಸಿಕೊಂಡೆ. ಕರೆಂಟಿಗೆ ಕಡಿವಾಣವಿಲ್ಲದ ಸಪ್ಲೈಗೆ ಖಾಲಿ ಬ್ಯಾಟರಿಯನ್ನು ಜೋಡಿಸಿದರೆ ಸಪ್ಲೈ ತನ್ನ ಶಕ್ತಿ ಮೀರಿ ದುಡಿದು ಒಂದೋ ನಿಂತುಹೋಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ.

ಸೆಲ್ ಒಂದಕ್ಕೆ 3.65 ವೋಲ್ಟಿನಂತೆ ಪೂರ್ತಿ ತುಂಬಲು 58.4 ವೋಲ್ಟ್ ಬೇಕು. ಬ್ಯಾಟರಿ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ನಾನು ಸಪ್ಲೈನ ವೋಲ್ಟೇಜನ್ನು 56ಕ್ಕೆ, ಅಂದರೆ ಸೆಲ್ಲಿಗೆ 3.5ಕ್ಕೆ ನಿಲ್ಲಿಸಿದೆ, ಈ ಬಗೆಯ ಸೆಲ್‌ಗಳಲ್ಲಿ ಅಲ್ಲಿಂದ ಮೇಲಕ್ಕೆ ತುಂಬುವುದು ಅತ್ಯಲ್ಪ. ಕರೆಂಟನ್ನು 6 ಆಂಪಿಯರ್‌ಗೆ ಇಟ್ಟೆ. ವೋಲ್ಟೇಜ್ ಮಿತಿ ಮೀರಿದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್ ಹೇಗೂ ಕಡಿದುಹಾಕುತ್ತದೆ, ನಿಜ. ಆದರೆ ಕಡೆಯ ಕಾವಲಿಗೆಂದು ಇರುವ ಅದನ್ನು ದಿನವೂ ಸ್ವಿಚ್ಚಿನಂತೆ ದುಡಿಸಲು ನನಗೆ ಮನಸ್ಸಾಗಲಿಲ್ಲ.

ಲೆಕ್ಕ ಇಷ್ಟೇ. ನನ್ನನ್ನು ಕಾಡಿದ್ದು ಸಪ್ಲೈನ ತಂತಿಯನ್ನು ಬ್ಯಾಟರಿಗೆ ಸೇರಿಸುವ ಕನೆಕ್ಟರ್. ಮೂರನೆಯ ವಾರ ಚಾರ್ಜಿನ ಮಧ್ಯೆ ಮುಟ್ಟಿ ನೋಡಿದರೆ ಅದರ ಪ್ಲಾಸ್ಟಿಕ್ ಬೆರಳಿಡಲಾಗದಷ್ಟು ಕಾದಿತ್ತು. ಅದರ ಎರಡು ಬದಿಗೆ ಮೀಟರ್ ಹಿಡಿದಾಗ 0.6 ವೋಲ್ಟ್ ಅಲ್ಲೇ ನಷ್ಟವಾಗುತ್ತಿರುವುದು ಕಂಡಿತು. 6 ಆಂಪಿಯರ್ ಹರಿಯುವಾಗ ಅದು 3.6 ವ್ಯಾಟ್, ಕೇಳಲು ಅಲ್ಪ, ಆದರೆ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನೊಳಗೆ ಗಂಟೆಗಟ್ಟಲೆ ಕೂಡಿಕೊಂಡರೆ ಅಷ್ಟೇ ಸಾಕು. ಬಿಚ್ಚಿದಾಗ, ಸಾಮಾನ್ಯ ಇಕ್ಕಳದಲ್ಲಿ ನಾನು ಅದುಮಿದ್ದ ತುದಿಯಲ್ಲಿ ತಂತಿಯ ಅರ್ಧ ಎಳೆಗಳು ಹಿಡಿತಕ್ಕೇ ಸಿಕ್ಕಿರಲಿಲ್ಲ. ಸರಿಯಾದ ಕ್ರಿಂಪಿಂಗ್ ಟೂಲ್ ತಂದು ಮತ್ತೆ ಕೂರಿಸಿದ ಮೇಲೆ ನಷ್ಟ 15 ಮಿಲಿವೋಲ್ಟಿಗೆ ಇಳಿಯಿತು. ಈಗ ಯಾವ ಜೋಡಣೆಯನ್ನೇ ಆದರೂ ಕೈಯಿಂದ ಎಳೆದು ನೋಡಿ ತೃಪ್ತಿಪಡದೆ, ಕರೆಂಟ್ ಹರಿಯುವಾಗ ಹೀಗೆ ಅಳೆದೇ ಒಪ್ಪುತ್ತೇನೆ.

ಅದೇ ದಿನ ಫ್ಯೂಸನ್ನೂ ಬದಲಿಸಿದೆ. ಮೊದಲು ಹಾಕಿದ್ದು ಎ.ಸಿ.ಗೆಂದು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಮನೆಯ ಕರೆಂಟಿಗೆಂದು ಮಾಡಿದ ಗಾಜಿನ ಫ್ಯೂಸ್. ಎ.ಸಿ. ಪ್ರತಿ ಸುತ್ತಿನಲ್ಲೂ ಸೊನ್ನೆಗೆ ಇಳಿಯುವುದರಿಂದ ಫ್ಯೂಸ್ ಕಡಿದಾಗ ಹುಟ್ಟುವ ಕಿಡಿ ಆರುತ್ತದೆ, ಒಂದೇ ದಿಕ್ಕಿಗೆ ಹರಿಯುವ ಬ್ಯಾಟರಿಯ ಡಿ.ಸಿ.ಯಲ್ಲಿ ಆ ಬಿಡುವಿಲ್ಲ. ಆದ್ದರಿಂದ ಡಿ.ಸಿ. ವೋಲ್ಟೇಜ್ ನಮೂದಿಸಿರುವ 10 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಾಸಿಟಿವ್ ತುದಿಗೆ ಹತ್ತಿರದಲ್ಲೇ ಕೂರಿಸಿದೆ, ಏಕೆಂದರೆ ಕೇಬಲ್ ಶಾರ್ಟ್ ಆದರೆ ಬೆಂಕಿಗೆ ಶಕ್ತಿ ಒದಗಿಸುವುದು ಬ್ಯಾಟರಿಯೇ.

ಈ ಸಪ್ಲೈ ತಾನಾಗಿ ನಿಲ್ಲುವುದಿಲ್ಲವಾದ್ದರಿಂದ ಎ.ಸಿ. ಬದಿಯಲ್ಲಿ ಆರು ಗಂಟೆಯ ಟೈಮರ್ ಇಟ್ಟಿದ್ದೇನೆ. ಟೈಮರ್ ಕಡಿದ ಮೇಲೂ ಸಪ್ಲೈನ ದೀಪ ಉರಿಯುತ್ತಲೇ ಇದ್ದುದು ಮೊದಮೊದಲು ಒಗಟಾಗಿತ್ತು. ಅದು ಬ್ಯಾಟರಿಯಿಂದಲೇ ಹಿಮ್ಮುಖವಾಗಿ ಕರೆಂಟ್ ಹೀರುತ್ತಿತ್ತು. ಹಾಗಾಗಿ ಕನೆಕ್ಟರನ್ನು ಕೊನೆಗೆ ಕೈಯಿಂದಲೇ ಕಳಚುತ್ತೇನೆ, ಅದು ತಣ್ಣಗಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.