ಎರಡು ಸೀಟು, ಎರಡು ಸಾಲ: ನಾನು ಲೆಕ್ಕ ಹಾಕಿದ್ದು ಹೀಗೆ

2019ರಲ್ಲಿ ನನ್ನ ಮುಂದೆ ಎರಡು ಇಂಜಿನಿಯರಿಂಗ್ ಸೀಟುಗಳಿದ್ದವು. ಒಂದು ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಮೂಲಕ ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್. ಇನ್ನೊಂದು ಸಿಇಟಿಯಲ್ಲಿ ಹಾಸನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಒಂದಿಷ್ಟು ತೆಂಗಿನ ತೋಟ, ಜೊತೆಗೆ ಅಪ್ಪನ ಸಣ್ಣ ಅಂಗಡಿ. ಯಾವ ಸೀಟು ತಗೊಂಡರೂ ಸಾಲ ಮಾಡಲೇಬೇಕಿತ್ತು. ನೆಂಟರೆಲ್ಲ ಬೆಂಗಳೂರು ಅಂದರು. ನಾನು ಒಂದು ನೋಟ್‌ಬುಕ್ ತೆಗೆದು ಲೆಕ್ಕಕ್ಕೆ ಕೂತೆ.

ಬೆಂಗಳೂರಿನ ಸೀಟಿಗೆ ಫೀಸು ವರ್ಷಕ್ಕೆ 2 ಲಕ್ಷ, ಪಿಜಿ, ಊಟ, ಓಡಾಟಕ್ಕೆ ಇನ್ನೊಂದು ಲಕ್ಷ. ನಾಲ್ಕು ವರ್ಷಕ್ಕೆ 12 ಲಕ್ಷ. ಹಾಸನದ್ದಕ್ಕೆ ಫೀಸು, ಬಸ್ ಪಾಸು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ. ನಾಲ್ಕು ವರ್ಷಕ್ಕೆ 3.6 ಲಕ್ಷ.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ, ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಿದರೆ ಸಾಕು. 7.5 ಲಕ್ಷ ದಾಟಿದರೆ ಅಡಮಾನ ಬೇಕು. ತೋಟ ಇದೆಯಲ್ಲ ಅಂತ ಅಪ್ಪ ಹೇಳಿದರು. ಆದರೆ ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು, ಪಾಲೂ ಆಗಿರಲಿಲ್ಲ. ಅದೂ ಅಲ್ಲದೆ, ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಮಾರಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆಯ ವ್ಯಾಪ್ತಿಗೆ ಕೃಷಿ ಜಮೀನು ಬರುವುದಿಲ್ಲ. ಹಾಗಾಗಿ ಬ್ಯಾಂಕಿನವರು ಸೈಟು, ಮನೆ ಇದೆಯಾ ಅಂತಲೇ ಕೇಳುತ್ತಾರೆ. ಅಂದರೆ ಬೆಂಗಳೂರಿಗೆ ಹೋದರೆ 7.5 ಲಕ್ಷ ಸಾಲ, ಉಳಿದ 4.5 ಲಕ್ಷ ಅಪ್ಪನ ಕೈಯಿಂದ. ಹಾಸನಕ್ಕೆ 3 ಲಕ್ಷ ಸಾಲ ಸಾಕಿತ್ತು.

ಇನ್ನು ಬಡ್ಡಿ. ಇಲ್ಲೇ ಜಾಸ್ತಿ ಜನ ಲೆಕ್ಕ ಬಿಟ್ಟುಬಿಡುತ್ತಾರೆ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಆ ಐದು ವರ್ಷ ಸರಳ ಬಡ್ಡಿ. ಆಮೇಲೆ ಅದೆಲ್ಲ ಅಸಲಿಗೆ ಸೇರುತ್ತದೆ. ಶೇ 10ರ ದರ ಹಿಡಿಯಿರಿ. 7.5 ಲಕ್ಷವನ್ನು ಪ್ರತಿ ವರ್ಷದ ಶುರುವಿನಲ್ಲಿ ಒಂದರಂತೆ ನಾಲ್ಕು ಸಮ ಭಾಗವಾಗಿ ತಗೊಂಡರೆ ಐದನೇ ವರ್ಷದ ಕೊನೆಗೆ ಬಡ್ಡಿಯೇ 2.62 ಲಕ್ಷ. ಸಾಲ 10.12 ಲಕ್ಷಕ್ಕೆ ಏರಿರುತ್ತದೆ. 3 ಲಕ್ಷದ ಸಾಲ 4.05 ಲಕ್ಷ ಆಗುತ್ತದೆ.

ಶೇ 10ರ ದರದಲ್ಲಿ ಹತ್ತು ವರ್ಷಕ್ಕೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 1,322 ರೂಪಾಯಿ. ಇದೊಂದು ಅಂಕಿ ನೆನಪಿದ್ದರೆ ಉಳಿದದ್ದನ್ನು ಮೊಬೈಲಿನಲ್ಲೇ ಗುಣಿಸಬಹುದು. ಬೆಂಗಳೂರಿನ ಸೀಟಿಗೆ ತಿಂಗಳಿಗೆ ಸುಮಾರು 13,400. ಹಾಸನದ್ದಕ್ಕೆ 5,350. ವ್ಯತ್ಯಾಸ 8 ಸಾವಿರ, ಅದೂ ಹತ್ತು ವರ್ಷ.

ನನಗೆ ಮುಖ್ಯ ಅನ್ನಿಸಿದ್ದು ಈ 8 ಸಾವಿರವೇ. ಇಂಜಿನಿಯರಿಂಗ್ ಓದಿದರೆ ಸಾಲ ತೀರುತ್ತಾ ಅನ್ನುವುದು ಒಂದು ಪ್ರಶ್ನೆ. ದುಬಾರಿ ಸೀಟು ತಗೊಂಡರೆ ತಿಂಗಳಿಗೆ 8 ಸಾವಿರಕ್ಕಿಂತ ಜಾಸ್ತಿ ಸಂಬಳ ಸಿಗುತ್ತಾ ಅನ್ನುವುದು ಬೇರೆಯೇ ಪ್ರಶ್ನೆ. ಸೀಟು ಆರಿಸುವಾಗ ಕೇಳಬೇಕಾದ್ದು ಎರಡನೆಯದು.

ಇದಕ್ಕೆ ಉತ್ತರ ಕಾಲೇಜಿನ ಬ್ರೋಷರ್‌ನಲ್ಲಿ ಸಿಗುವುದಿಲ್ಲ. ಅಲ್ಲಿ ದೊಡ್ಡ ಅಕ್ಷರದಲ್ಲಿ ಇರುವ ಪ್ಯಾಕೇಜು ಒಬ್ಬರೋ ಇಬ್ಬರೋ ವಿದ್ಯಾರ್ಥಿಗಳದ್ದು. ನಾನು ನೋಡಿದ್ದು ಕೇಂದ್ರ ಸರ್ಕಾರದ ಕಾಲೇಜು ರ್‍ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಸಲ್ಲಿಸುವ ವಿವರ. ಅದು ಬಹಳಷ್ಟು ಕಾಲೇಜುಗಳ ವೆಬ್‌ಸೈಟಿನಲ್ಲೇ ಇರುತ್ತದೆ. ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಾಂಕ ಎಷ್ಟು, ಎಲ್ಲ ಅದರಲ್ಲಿದೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಓದಿದ ಅದೇ ಮಧ್ಯಾಂಕ. ಕೆಲಸ ಸಿಕ್ಕವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ನಿಂತವನ ಸಂಬಳ. ನನ್ನ ಎರಡೂ ಕಾಲೇಜುಗಳ ಮಧ್ಯಾಂಕದ ನಡುವೆ ಇದ್ದ ವ್ಯತ್ಯಾಸ ತಿಂಗಳಿಗೆ 3 ಸಾವಿರವೂ ಇರಲಿಲ್ಲ.

ಆಮೇಲೆ ಕೆಲಸದಲ್ಲಿದ್ದ ಸೀನಿಯರ್‌ಗಳ ಸ್ಯಾಲರಿ ಸ್ಲಿಪ್ ಕೇಳಿ ನೋಡಿದೆ. 3.5 ಲಕ್ಷದ ಸಿಟಿಸಿ (ನಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 29 ಸಾವಿರ ಅಂದುಕೊಳ್ಳುತ್ತೇವೆ, ಅಲ್ವಾ? ಕಂಪನಿ ಕಟ್ಟುವ ಪಿಎಫ್, ಗ್ರಾಚುಟಿ, ಇನ್ಶೂರೆನ್ಸ್ ಎಲ್ಲ ಆ ಮೊತ್ತದೊಳಗೇ ಇರುತ್ತವೆ. ನಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಬೇರೆ ಕಡಿತ. ಕೈಗೆ ಬರುವುದು 23–24 ಸಾವಿರ. ಅದರಲ್ಲಿ ಪಿಜಿ, ಊಟ, ಬಸ್ಸು ಕಳೆದು 13,400 ಕಂತು ಕಟ್ಟುವುದು ಸಾಧ್ಯವೇ ಇಲ್ಲ. 5,350 ಕಟ್ಟಬಹುದು.

ಕಟ್ಟಿದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್ ಅಡಿ ತೆರಿಗೆ ಉಳಿಯುತ್ತದೆ ಅಂತ ಯಾರೋ ಹೇಳಿದರು. 3.5 ಲಕ್ಷ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ, ಉಳಿಯುವುದು ಏನು? ಅದನ್ನು ಲೆಕ್ಕದಿಂದ ತೆಗೆದುಹಾಕಿದೆ. ಕೇಂದ್ರದ ಬಡ್ಡಿ ಸಹಾಯಧನವನ್ನೂ ಸೇರಿಸಲಿಲ್ಲ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಕಂತಿಲ್ಲದ ಆ ಅವಧಿಯ ಬಡ್ಡಿಯನ್ನು ಸರ್ಕಾರ ಕೊಡುತ್ತದೆ. ಆದರೆ ಅರ್ಧಕ್ಕೆ ಓದು ಬಿಟ್ಟರೆ ಸಿಗುವುದಿಲ್ಲ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು ಅರ್ಜಿ ಹಾಕಿದೆ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಕಂತು ಕಟ್ಟುವಂತಿರಬೇಕು ಅಂತ ಲೆಕ್ಕ ಇಟ್ಟುಕೊಂಡೆ.

ಹಾಸನಕ್ಕೇ ಹೋದೆ. 2023ರಲ್ಲಿ ಮುಗಿಸಿದೆ. ಆ ವರ್ಷ ಐಟಿ ಕಂಪನಿಗಳು ನೇಮಕಾತಿಯಲ್ಲಿ ಕೈ ಬಿಗಿ ಹಿಡಿದಿದ್ದವು. ಆಫರ್ ಲೆಟರ್ ಕೈಯಲ್ಲಿತ್ತು, ಜಾಯಿನಿಂಗ್ ದಿನ ಮಾತ್ರ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಓದು ಮುಗಿದ ಮೇಲಿನ ಆ ಒಂದು ವರ್ಷದ ವಿನಾಯಿತಿ ನನ್ನನ್ನು ಕಾಪಾಡಿತು. ಈಗ ಕಂತು ತಪ್ಪದೆ ಹೋಗುತ್ತಿದೆ.

ಹೋದ ವರ್ಷ ತಂಗಿಯ ಸರದಿ ಬಂತು. ಅವಳ ಮುಂದಿದ್ದ ಎರಡೂ ಕಾಲೇಜು ಬೆಂಗಳೂರಿನವೇ. ಹಾಗಾಗಿ ಅಲ್ಲಿ ಉಳಿದುಕೊಳ್ಳುವ ಖರ್ಚು ಎರಡಕ್ಕೂ ಒಂದೇ. ಕಾಮೆಡ್-ಕೆ ಸೀಟಿನ ಫೀಸು ವರ್ಷಕ್ಕೆ ಒಂದೂವರೆ ಲಕ್ಷ ಜಾಸ್ತಿ. ನಾಲ್ಕು ವರ್ಷಕ್ಕೆ 6 ಲಕ್ಷ, ಬಡ್ಡಿ ಸೇರಿ 8.1 ಲಕ್ಷ, ಕಂತು 10,700. ಆದರೆ ಆ ಕಾಲೇಜಿನ ಮಧ್ಯಾಂಕ ಇನ್ನೊಂದರ ಎರಡರಷ್ಟಿತ್ತು, 4 ಲಕ್ಷಕ್ಕೆ ಬದಲು 8 ಲಕ್ಷ. ಕೈಗೆ ಬರುವ ಸಂಬಳದಲ್ಲಿ 20 ಸಾವಿರಕ್ಕೂ ಮಿಕ್ಕಿ ವ್ಯತ್ಯಾಸ. ದುಬಾರಿ ಸೀಟನ್ನೇ ತಗೋ ಅಂದೆ. ಅಪ್ಪನಿಗೆ ಆಶ್ಚರ್ಯವಾಯಿತು. ನೋಟ್‌ಬುಕ್ ತೋರಿಸಿದ ಮೇಲೆ ಒಪ್ಪಿದರು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯ ಪಟ್ಟಿಯಲ್ಲಿ ಆ ಕಾಲೇಜು ಇದ್ದುದರಿಂದ ಅಡಮಾನವನ್ನೂ ಕೇಳಲಿಲ್ಲ.

ಅವಳ ಸಾಲದ ಬಡ್ಡಿಯನ್ನು ತಿಂಗಳು ತಿಂಗಳು ನಾನು ಕಟ್ಟುತ್ತಿದ್ದೇನೆ. ಮೊದಲ ವರ್ಷದ ಮೊತ್ತಕ್ಕೆ ಎರಡು ಸಾವಿರದ ಚಿಲ್ಲರೆ. ತಂಗಿಯ ಸಾಲಕ್ಕೆ ನನಗೆ ಆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದು ನಮ್ಮ, ಗಂಡ ಅಥವಾ ಹೆಂಡತಿಯ, ಮಕ್ಕಳ ಅಥವಾ ನಾವು ಕಾನೂನು ಪ್ರಕಾರ ಪೋಷಕರಾದ ವಿದ್ಯಾರ್ಥಿಯ ಓದಿಗೆ ಮಾತ್ರ. ಆದರೂ ಹೀಗೆ ಕಟ್ಟುತ್ತಾ ಹೋದರೆ ಅವಳು ಕೆಲಸಕ್ಕೆ ಸೇರುವ ಹೊತ್ತಿಗೆ ಅಸಲು ತಗೊಂಡಷ್ಟೇ ಇರುತ್ತದೆ.