ಕರಿ ದಾರ ಯಾವುದು, ನೇವಿ ಬ್ಲೂ ಯಾವುದು? ಬೆಳಕು ನೋಡಿ ಬಣ್ಣ ನೋಡಿ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಕಲಬುರಗಿಯಲ್ಲಿ ಕರೆಂಟ್ ಹೋಗಿತ್ತು. ಮರುದಿನ ಬೆಳಿಗ್ಗೆಯೇ ಕೊಡಬೇಕಾದ ಕರಿ ಬ್ಲೌಸ್ ಕೈಯಲ್ಲಿತ್ತು, ಇನ್ವರ್ಟರ್‌ಗೆ ಇದ್ದದ್ದು ಒಂದೇ ಸಣ್ಣ ಹಳದಿ ಬಲ್ಬು. ಕರಿ ದಾರ ಅಂತ ಹಾಕಿ ತೋಳು, ಹೆಮ್ಮಿಂಗ್ ಎಲ್ಲ ಮುಗಿಸಿ ಮಲಗಿದೆ. ಬೆಳಿಗ್ಗೆ ಗಿರಾಕಿ ಅಂಗಡಿ ಬಾಗಿಲಲ್ಲೇ ನಿಂತು ತೋಳು ತಿರುವಿ ನೋಡಿದರು. "ಅಕ್ಕಾ, ಇದು ನೀಲಿ ದಾರ ಅದ ಅಲ್ರೀ!" ನಿಜವೇ, ನೇವಿ ಬ್ಲೂ. ಬಿಚ್ಚಿ ಮತ್ತೆ ಹೊಲಿಯೋಕೆ ಅರ್ಧ ದಿನ ಹೋಯಿತು.

ಕಣ್ಣು ಕೆಟ್ಟಿತೇನೋ ಅಂದುಕೊಂಡೆ. ಇಲ್ಲ, ಬೆಳಕು ಸಾಲಲಿಲ್ಲ ಅಷ್ಟೇ.

ನಮ್ಮ ಕಣ್ಣೊಳಗೆ ಬೆಳಕು ಹಿಡಿಯುವ ಕೋಶಗಳು ಮುಖ್ಯವಾಗಿ ಎರಡು ಥರ. ಬಣ್ಣ ಹೇಳುವುದು ಕೋನ್ ಕೋಶಗಳು, ಒಂದು ಕಣ್ಣಿಗೆ ಸುಮಾರು 60 ಲಕ್ಷ. ಅವಕ್ಕೆ ಜಾಸ್ತಿ ಬೆಳಕು ಬೇಕು. ರಾಡ್ ಕೋಶಗಳು ಇವಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ, ಮಂದ ಬೆಳಕಲ್ಲೂ ಕೆಲಸ ಮಾಡುತ್ತವೆ, ಆದರೆ ಅವಕ್ಕೆ ಗೊತ್ತಿರುವುದು ಕಪ್ಪು-ಬಿಳುಪಿನ ಲೆಕ್ಕ ಮಾತ್ರ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ; ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್ ಆಸುಪಾಸು ಇದ್ದರೆ ಹುಣ್ಣಿಮೆ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಅದಕ್ಕೇ ಬೆಳದಿಂಗಳಲ್ಲಿ ದಾರಿ ಕಾಣುತ್ತದೆ, ಸೀರೆಯ ಬಣ್ಣ ಕಾಣುವುದಿಲ್ಲ.

ಇಲ್ಲೊಂದು ವಿಷಯ ನನಗೂ ತಡವಾಗಿ ಹೊಳೆಯಿತು. ಬಲ್ಬು ಎಷ್ಟು ಬೆಳಕು ಕೊಡುತ್ತದೆ ಅನ್ನುವುದಕ್ಕಿಂತ, ಬಟ್ಟೆ ಅದರಲ್ಲಿ ಎಷ್ಟನ್ನು ವಾಪಸ್ ಕಳಿಸುತ್ತದೆ ಅನ್ನುವುದು ಮುಖ್ಯ. ಬಿಳಿ ಬಟ್ಟೆ ಬಹುಪಾಲು ಬೆಳಕನ್ನು ವಾಪಸ್ ಕಳಿಸುತ್ತದೆ, ಕರಿ ಬಟ್ಟೆ ಹೆಚ್ಚುಕಡಿಮೆ ಎಲ್ಲವನ್ನೂ ನುಂಗಿಬಿಡುತ್ತದೆ. ಒಂದೇ ಟ್ಯೂಬ್‌ಲೈಟ್ ಕೆಳಗೆ ಹಳದಿ, ಗುಲಾಬಿ ಯಾವತ್ತೂ ಅದಲುಬದಲಾಗುವುದಿಲ್ಲ. ಕರಿ, ನೇವಿ ಬ್ಲೂ, ಕಾಫಿ ಬಣ್ಣ, ಗಾಢ ಹಸಿರು ಮಾತ್ರ ಒಂದೇ ಥರ ಕಾಣುತ್ತವೆ. ಅದರ ಮೇಲೆ ಹಳದಿ ಬಲ್ಬಿನಲ್ಲಿ ನೀಲಿ ಬೆಳಕೇ ಕಡಿಮೆ, ನೀಲಿ ದಾರ ವಾಪಸ್ ಕಳಿಸೋಕೆ ಏನೂ ಉಳಿದಿರುವುದಿಲ್ಲ. ಬೀದರಿನ ಬಿದ್ರಿ ಹೂಜಿ ನೋಡಿ, ಕರಿ ಮೇಲೆ ಬೆಳ್ಳಿ: ದೀಪದ ಬೆಳಕಲ್ಲೂ ಬಳ್ಳಿ ಬಳ್ಳಿಯಾಗಿಯೇ ಕಾಣುತ್ತದೆ, ಯಾಕೆಂದರೆ ಅಲ್ಲಿರುವುದು ಬಣ್ಣದ ವ್ಯತ್ಯಾಸವಲ್ಲ, ಹೊಳಪಿನ ವ್ಯತ್ಯಾಸ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಬಿಸಿಲಿನಿಂದ ಅಂಗಡಿಯೊಳಗೆ ಬಂದ ಕೂಡಲೇ ಬಣ್ಣ ಆರಿಸಬೇಡಿ. ಐದು-ಹತ್ತು ನಿಮಿಷ ಕೂತುಕೊಳ್ಳಿ, ನೀರು ಕುಡಿಯಿರಿ, ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳಲಿ. ಆಮೇಲೆ ಸೀರೆ ಸೆರಗು ಮತ್ತು ಬ್ಲೌಸ್ ಪೀಸ್ ಎರಡನ್ನೂ ಹಿಡಿದು ಹೊರಗೆ ನೆರಳಿಗೆ ಬನ್ನಿ. ನೆರಳು ಅಂದರೆ ನೆರಳೇ. ನೇರ ಬಿಸಿಲಿಗೆ ಹಿಡಿದರೆ ರೇಷ್ಮೆಯ ಹೊಳಪು ಕಣ್ಣಿಗೆ ಹೊಡೆದು ಬಣ್ಣ ತೊಳೆದ ಹಾಗೆ ಕಾಣುತ್ತದೆ, ಜರಿ ಇದ್ದರಂತೂ ಮುಗಿಯಿತು. ಎರಡೂ ಬಟ್ಟೆಯನ್ನು ಒಂದರ ಮೇಲೊಂದು, ಅಂಚಿಗೆ ಅಂಚು ತಾಗುವ ಹಾಗೆ ಇಟ್ಟು ನೋಡಿ. ನಡುವೆ ಒಂದು ಗೇಣು ಬಿಟ್ಟರೂ ಕಣ್ಣು ಸುಮ್ನೆ "ಮ್ಯಾಚ್ ಆಯ್ತು" ಅಂದುಬಿಡುತ್ತದೆ. ಮ್ಯಾಚಿಂಗ್ ಸೆಂಟರಿನವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಮನೆಯಲ್ಲಿ ಹೊಲಿಯುವವರು ಮಿಷನ್ ಅನ್ನು ಉತ್ತರದ ಕಿಟಕಿ ಹತ್ತಿರ ಇಡಿ ಅಂತ ಹೇಳುತ್ತಾರೆ, ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ ಅಂತ. ಸರಿ, ಆದರೆ ನಮ್ಮ ಕಡೆ ಪೂರ್ತಿ ಸರಿಯಲ್ಲ. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದ ಮೇಲೆ, ಮೇ ಎರಡನೇ ವಾರದಿಂದ ಆಗಸ್ಟ್ ಶುರುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಒಂದು ತೆಳು ಬಿಳಿ ಪರದೆ ಹಾಕಿಕೊಳ್ಳಿ. ಬಣ್ಣದ ಪರದೆ ಬೇಡ, ಅದರ ಬಣ್ಣ ಬಟ್ಟೆಗೆ ಬೀಳುತ್ತದೆ.

ಬಲ್ಬು ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಡಬ್ಬಿ ಮೇಲೆ ಸಿಆರ್‌ಐ ಅಂತ ಇರುತ್ತದೆ, ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ. ಮಾಮೂಲಿ ಎಲ್‌ಇಡಿಗೆ 80ರ ಹತ್ತಿರ. 90 ದಾಟಿದ್ದು, 6500 ಕೆಲ್ವಿನ್‌ದು, ಅಂದರೆ ಹಗಲಿನ ಹಾಗೆ ಬಿಳಿ ಬೆಳಕಿನದು, ಸಿಕ್ಕರೆ ತಗೊಳ್ಳಿ. ವಯಸ್ಸಾದವರಿಗೆ ಇನ್ನೊಂದು ಬಲ್ಬು ಸೇರಿಸಿ, ಅವರ ಕಣ್ಣಿನ ಮಸೂರ ಹಳದಿಯಾಗಿ ಒಳಗೆ ಹೋಗುವ ಬೆಳಕೇ ಕಡಿಮೆಯಾಗಿರುತ್ತದೆ. ನೀಲಿ, ಹಸಿರು ಬಗ್ಗೆ ಅಮ್ಮ ವಾದ ಮಾಡಿದರೆ ಜಗಳ ಬೇಡ, ಬೆಳಕು ಹಾಕಿ. ವಾಟ್ಸಾಪ್ ಫೋಟೋ ನೋಡಿ ಬಣ್ಣ ಒಪ್ಪಿಕೊಳ್ಳುವುದಂತೂ ಬೇಡವೇ ಬೇಡ, ಕ್ಯಾಮೆರಾ ತನಗೆ ಬೇಕಾದ ಹಾಗೆ ಬೆಳಕು ತಿದ್ದಿಕೊಂಡಿರುತ್ತದೆ.

ನಂಬಿಕೆ ಬರದಿದ್ದರೆ ಒಂದು ಸಂಜೆ ದಾಸವಾಳದ ಗಿಡದ ಮುಂದೆ ಕೂತು ನೋಡಿ. ಹಗಲಲ್ಲಿ ಎಲೆಗಿಂತ ಕೆಂಪು ಹೂವೇ ಎದ್ದು ಕಾಣುತ್ತದೆ. ಬೆಳಕು ಇಳಿದ ಹಾಗೆ ಹೂವು ಮೊದಲು ಕಪ್ಪಾಗುತ್ತದೆ, ಎಲೆಗಳು ಇನ್ನೂ ತಿಳಿಯಾಗಿಯೇ ಇರುತ್ತವೆ. ರಾಡ್ ಕೋಶಗಳಿಗೆ ಕೆಂಪು ಬೆಳಕು ಹತ್ತುವುದೇ ಇಲ್ಲ, ನೀಲಿ-ಹಸಿರು ಚೆನ್ನಾಗಿ ಹತ್ತುತ್ತದೆ. ಪುರ್ಕಿಂಜೆ ಅನ್ನುವ ಚೆಕ್ ವಿಜ್ಞಾನಿ ಇದನ್ನು 1825ರಲ್ಲೇ ಬರೆದಿಟ್ಟ, ಅವನ ಹೆಸರೇ ಇದಕ್ಕಿದೆ. ಸಂಜೆ ಮೇಲೆ ಕೆಂಪು ಸೀರೆಗೆ ಮರೂನ್ ಫಾಲ್ ಹಚ್ಚಿ ಕೆಡಿಸಿಕೊಂಡವರಿಗೆ ಈ ಹೆಸರು ಉಪಯೋಗಕ್ಕೆ ಬರಬಹುದು.

ಕರೆಂಟ್ ಹೋದಾಗ ನಾನೀಗ ಗಾಢ ಬಣ್ಣದ ಕೆಲಸ ಮುಟ್ಟುವುದಿಲ್ಲ, ಕಾಜ-ಗುಂಡಿ ಏನಾದರೂ ಇದ್ದರೆ ಬಿಳಿ ಬಟ್ಟೆಯದು ಮಾಡುತ್ತೇನೆ. ನೇವಿ ಬ್ಲೂ ರೀಲಿನ ತಳಕ್ಕೆ ಬಿಳಿ ಚೀಟಿ ಅಂಟಿಸಿ ಕರಿ ಪೆನ್ನಲ್ಲಿ ದೊಡ್ಡದಾಗಿ "ನೀ" ಅಂತ ಬರೆದಿದ್ದೇನೆ, ಕಾಫಿ ಬಣ್ಣಕ್ಕೆ "ಕಾ". ಕರಿ ರೀಲಿಗೆ ಏನೂ ಬರೆದಿಲ್ಲ.